ನಾಲ್ಕು ಬೆರಳಿನ ಹುಲಿ

ಪ್ರತಿ ವರ್ಷ ಶಾಲೆ ಶುರುವಾದ ಕೆಲವು ವಾರಕ್ಕೆ ಆರನೇ ತರಗತಿಯ ಮಕ್ಕಳ ಮುಂದೆ ನಿಂತು ನಾನೊಂದು ಸುಳ್ಳು ಹೇಳುತ್ತೇನೆ. ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟು, "ಇದು ಬಿಂದು. ಇದಕ್ಕೆ ಉದ್ದವಿಲ್ಲ, ಅಗಲವಿಲ್ಲ, ದಪ್ಪವಿಲ್ಲ. ಜಾಗ ಮಾತ್ರ ಇದೆ" ಎನ್ನುತ್ತೇನೆ. ಹಿಂದಿನ ಬೆಂಚಿಗೂ ಕಾಣಲಿ ಎಂದು ಆ ಚುಕ್ಕೆಯನ್ನು ಕಡಲೆಕಾಳಿನಷ್ಟು ದಪ್ಪ ಮಾಡಿರುತ್ತೇನೆ. ಮಕ್ಕಳು ಕಡಲೆಕಾಳನ್ನು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ಮೇಷ್ಟ್ರು ಹೇಳಿದ ಮೇಲೆ ಇರಬಹುದು ಎಂದು ಬರೆದುಕೊಳ್ಳುತ್ತಾರೆ.

ಚುಕ್ಕೆಯಿಂದ ರೇಖೆಗೆ ಹೋದರೆ ಸುಳ್ಳು ಇನ್ನೂ ಉದ್ದವಾಗುತ್ತದೆ. ಸರಳರೇಖೆಗೆ ಎರಡು ಕಡೆಯೂ ಕೊನೆಯಿಲ್ಲ ಎಂದು ಹೇಳಿ, ಬೋರ್ಡಿನ ಚೌಕಟ್ಟು ಅಡ್ಡ ಬಂದಲ್ಲಿ ನಿಲ್ಲಿಸಿ, ತುದಿಗಳಿಗೆ ಬಾಣದ ಗುರುತು ಹಾಕಿ ಕೈ ತೊಳೆದುಕೊಳ್ಳುತ್ತೇನೆ. ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯದೇ ಹೋಗುವುದು ಕಿರಣ. ಪುಸ್ತಕದವರು ಇದಕ್ಕೆ ಟಾರ್ಚಿನ ಬೆಳಕನ್ನು ಉದಾಹರಣೆ ಕೊಡುತ್ತಾರೆ; ನನಗೆ ನಮ್ಮತ್ತೆಯ ಮಾತು ನೆನಪಾಗುತ್ತದೆ, ಆದರೆ ತರಗತಿಯಲ್ಲಿ ಹೇಳುವುದಿಲ್ಲ. ಶುರುವೂ ಕೊನೆಯೂ ಎರಡೂ ಇರುವುದು ರೇಖಾಖಂಡ. ಇನ್ನು ಸಮತಲ ಎಂದರೆ ಏರುತಗ್ಗಿಲ್ಲದೆ ನಾಲ್ಕು ದಿಕ್ಕಿಗೂ ಹರಡಿಕೊಂಡಿರುವ ಬಯಲು. ಅಂಥದ್ದನ್ನು ನಾನು ಕಂಡಿಲ್ಲ. ನಾಟಿಗೆ ಮುಂಚೆ ನೀರು ನಿಲ್ಲಿಸಿದ ನಮ್ಮೂರ ಗದ್ದೆ ಅದಕ್ಕೆ ಸ್ವಲ್ಪ ಹತ್ತಿರ ಬರುತ್ತದೆ, ಬದು ಸಿಗುವ ತನಕ.

ನಾನು ಕೊಳ್ಳೇಗಾಲದ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ. ಇಷ್ಟು ವರ್ಷ ಈ ಬಿಂದು, ರೇಖೆಗಳನ್ನು ಬೋರ್ಡಿನ ಮೇಲೆ ಬರೆದು, ಗಂಟೆ ಹೊಡೆದ ಕೂಡಲೇ ಒರೆಸಿ ಮನೆಗೆ ಬರುತ್ತಿದ್ದೆ. ಅವು ಹಿಂದೆಯೇ ಬಂದು ನಮ್ಮ ಹಿತ್ತಲಿನಲ್ಲಿ ಕೂತು, ಊಟ ರುಚಿಸದ ಹಾಗೆ ಮಾಡುತ್ತವೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಈಗ ಎಲ್ಲ ಸರಿಹೋಗಿದೆ. ಹೊಟ್ಟೆ ತುಂಬ ಉಂಡು, ಕಾಲು ಚಾಚಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ನೀವೂ ಗಾಬರಿಯಾಗದೆ ಓದಬಹುದು.

ವಿಷಯ ಏನೆಂದು ಹೇಳಬೇಕಾದರೆ ಮೊದಲು ನನ್ನ ಹೆಂಡತಿ ಸರೋಜಳ ಎಡಗೈಯ ಬಗ್ಗೆ ಹೇಳಬೇಕು. ಸರೋಜ ಎಡಚಿ. ಸೌಟು, ಚಾಕು, ಲಟ್ಟಣಿಗೆ ಎಲ್ಲಕ್ಕೂ ಎಡಗೈಯೇ ಮುಂದೆ. ಚಿಕ್ಕಂದಿನಲ್ಲಿ ಅವಳ ಅವ್ವ ಆ ಕೈಗೆ ಎಷ್ಟು ಬಾರಿಸಿದರೂ ಅದು ದಾರಿಗೆ ಬರಲಿಲ್ಲವಂತೆ. ನಾವು ಮದುವೆಯಾದಾಗಿನಿಂದ ಕೊಳ್ಳೇಗಾಲದ ಬಾಡಿಗೆ ಮನೆಗಳಲ್ಲೇ ಇದ್ದೇವೆ. ಈ ಊರಿನಲ್ಲಿ ಮನೆ ಕಟ್ಟಿದವರೆಲ್ಲ ತಮ್ಮೊಳಗೆ ಮಾತಾಡಿಕೊಂಡಿದ್ದಾರೋ ಏನೋ, ಎಲ್ಲ ಅಡುಗೆಮನೆಯಲ್ಲೂ ಒಲೆಯ ಕಲ್ಲು ಎಡಗೋಡೆಗೆ ಒತ್ತಿಕೊಂಡೇ ಇರುತ್ತದೆ. ಬಲಗೈಯವರಿಗೆ ಅದರಿಂದ ತೊಂದರೆಯಿಲ್ಲ. ಸರೋಜ ಮುದ್ದೆ ತಿರುವಿದಾಗಲೆಲ್ಲ ಅವಳ ಮೊಣಕೈ ಗೋಡೆಗೆ ತಗಲುತ್ತದೆ. ಬಿಟ್ಟುಬಂದ ಪ್ರತಿಯೊಂದು ಮನೆಯ ಗೋಡೆಯಲ್ಲೂ ಆ ಎತ್ತರಕ್ಕೆ ಸುಣ್ಣ ಹೋದ ಒಂದು ಗುರುತು ಇರುತ್ತದೆ. ಅವಳು ಬಂಗಲೆ ಕೇಳಿದವಳಲ್ಲ. ಎಡಗಡೆ ಮೊಣಕೈಗೆ ಜಾಗ ಬಿಟ್ಟು ತನ್ನ ಒಲೆಯನ್ನು ತಾನೇ ಇಟ್ಟುಕೊಳ್ಳುವಂಥ ಒಂದು ಅಡುಗೆಮನೆ ಇದ್ದರೆ ಸಾಕು ಎನ್ನುತ್ತಿದ್ದಳು, ಅದನ್ನೂ ಅಪರೂಪಕ್ಕೆ.

ಇದಲ್ಲದೆ ಕೋನದ ತಾಪತ್ರಯ ಬೇರೆ. ಬಾಡಿಗೆ ಮನೆಗಳಲ್ಲಿ ಲಂಬಕೋನ ಎಂಬುದು ಸಿಗುವುದಿಲ್ಲ. ಸರೋಜಳ ತವರಿನಿಂದ ಬಂದ ಮರದ ಬೀರು ತೊಂಬತ್ತು ಡಿಗ್ರಿಯಲ್ಲಿ ನೆಟ್ಟಗೆ ನಿಂತಿರುತ್ತದೆ, ಗೋಡೆಯೇ ಅದರಿಂದ ಮುಖ ತಿರುಗಿಸಿಕೊಂಡಿರುತ್ತದೆ. ನಡುವೆ ಉಳಿಯುವ ತ್ರಿಕೋನದ ಸಂದಿಗೆ ಬಾಚಣಿಗೆ, ಚಮಚ, ನನ್ನ ಕನ್ನಡಕ ಎಲ್ಲ ಬೀಳುತ್ತವೆ. ನಾನು ಮಂಡಿಯೂರಿ ಕೋಲಿನಿಂದ ಅವನ್ನು ಎಳೆಯುವಾಗ ಸರೋಜ, "ಇದು ಲಘುಕೋನಾನಾ ವಿಶಾಲಕೋನಾನಾ ಮೇಷ್ಟ್ರೇ?" ಎಂದು ಕೇಳುವುದುಂಟು.

ಈ ವರ್ಷ ಹೊನ್ನೂರಿನ ಹಿತ್ತಲು ಪಾಲಾಗಿ ನನ್ನ ಭಾಗಕ್ಕೆ ಒಂದು ಸೈಟು ಬಂತು. ಎಡಗಡೆ ದೊಡ್ಡಪ್ಪನ ಮಗನ ಗೋಡೆ, ಬಲಗಡೆ ಚರಂಡಿ, ಹಿಂದೆ ತೆಂಗಿನ ತೋಟದ ಬೇಲಿ, ಮುಂದೆ ಬೀದಿ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟರು. ನಾಲ್ಕು ಬಿಂದು, ನಾಲ್ಕು ರೇಖಾಖಂಡ, ನಾಲ್ಕು ಕೋನ; ಪುಸ್ತಕದ ಚತುರ್ಭುಜವೇ ಎದ್ದು ಬಂದು ಮಲಗಿದಂತಿತ್ತು. ನನಗೆ ಖುಷಿಯೋ ಖುಷಿ. ಸರೋಜ ಮಾತ್ರ, "ಒಂದ್ಸಲ ಅವ್ವ ಬಂದು ನೋಡ್ಲಿ" ಎಂದಳು.

ಅವ್ವ ಎಂದರೆ ನಮ್ಮತ್ತೆ ಪುಟ್ಟತಾಯಮ್ಮ. ಹನೂರು ತಾಲ್ಲೂಕಿನ ಬಂಡಳ್ಳಿಯವರು. ಹೊಲ, ದನ, ಮನೆ, ಮಕ್ಕಳು ಎಲ್ಲವನ್ನೂ ಒಬ್ಬರೇ ನಿಭಾಯಿಸಿದವರು, ಹಾಗಾಗಿ ಯಾವ ವಿಷಯದಲ್ಲೂ ಅಭಿಪ್ರಾಯ ಇಲ್ಲ ಎಂದು ಹೇಳುವ ಅಭ್ಯಾಸ ಅವರಿಗಿಲ್ಲ. ಬಸ್ಸಿನಿಂದ ಇಳಿದವರೇ ಸೈಟಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿದರು.

"ಮೇಷ್ಟ್ರೇ, ಇದು ಅಸುಮೊಕವೋ ಉಲಿಮೊಕವೋ ನೋಡುದ್ರಾ?"

ನೋಡಿರಲಿಲ್ಲ. ನಮ್ಮ ಕಡೆ ಸೈಟಿಗೂ ಮುಖವುಂಟು. ಮುಂದೆ ಕಿರಿದಾಗಿ ಹಿಂದೆ ಅಗಲವಾಗಿದ್ದರೆ ಹಸುಮುಖ. ಮನೆಗೆ ಬಹಳ ಒಳ್ಳೆಯದು. ಮುಂದೆ ಅಗಲವಾಗಿ ಹಿಂದೆ ಕಿರಿದಾಗಿದ್ದರೆ ಹುಲಿಮುಖ. ಅಲ್ಲಿ ವಾಸ ಮಾಡುವಂತಿಲ್ಲ. ಗಣಿತದ ಪ್ರಕಾರ ಎರಡೂ ಒಂದೇ ಆಕೃತಿ, ತಿರುಗಿಸಿ ನೋಡಿದರೆ ಹುಲಿಯೇ ಹಸು. ಆದರೆ ಬೀದಿಯನ್ನು ತಿರುಗಿಸಲಾಗುವುದಿಲ್ಲವಲ್ಲ.

ಅಳೆದೇ ಬಿಡೋಣ ಎಂದು ಉಕ್ಕಿನ ಟೇಪು ತಂದೆ. ಹಿಂಬದಿಯ ಅಳತೆ ಸಲೀಸಾಗಿ ಸಿಕ್ಕಿತು. ಮುಂಬದಿಗೆ ಬಂದೆವು. ಅಲ್ಲಿ ಎಡಮೂಲೆಯಿಂದ ಒಂದು ಹೆಜ್ಜೆಯಷ್ಟು ಈಚೆಗೆ, ಅರ್ಧ ಸೈಟಿನಲ್ಲಿ ಅರ್ಧ ಬೀದಿಯಲ್ಲಿ, ಮಾರಮ್ಮನ ಕಲ್ಲು ಇದೆ. ಮೊಣಕಾಲೆತ್ತರದ ಕಲ್ಲು, ಸುತ್ತ ಒಂದು ಕಟ್ಟೆ, ಮೇಲೆ ಅರಿಸಿನ ಕುಂಕುಮ. ಅತ್ತೆ ಆ ಮೂಲೆಯಲ್ಲಿ ಟೇಪಿನ ತುದಿ ಹಿಡಿದು ನಿಂತರು. ನಾನು ಈ ಮೂಲೆಯಲ್ಲಿ ಕನ್ನಡಕ ಏರಿಸಿಕೊಂಡು ಕೂತೆ.

"ತಾಯಿ ತಲೆ ಮೇಲೆ ಕಬ್ಬುಣ ಆಯಿಸ್ಬ್ಯಾಡಿ. ಕಟ್ಟೆ ಬಳಸ್ಕಂಡು ಬರ್ಲಿ. ಇನ್ನೊಸಿ ದೂರ್ವಾಗಿ" ಎಂದರು ಅತ್ತೆ. ಟೇಪು ಕಟ್ಟೆಯನ್ನು ಭಕ್ತಿಯಿಂದ ಬಳಸಿಕೊಂಡು ನನ್ನ ಕೈಗೆ ಬಂತು. ಅಳತೆ ಓದಿದೆ. ಹಿಂಬದಿಗಿಂತ ಮುಂಬದಿ ನಾಲ್ಕು ಬೆರಳು ಜಾಸ್ತಿ.

"ಉಲಿ" ಎಂದರು ಅತ್ತೆ. ಟೇಪಿನ ತುದಿಯನ್ನು ಕೈಬಿಟ್ಟರು. ಅದು ಬುಸ್ಸೆಂದು ನನ್ನ ಕಡೆ ಓಡಿ ಬಂತು.

ನಾಲ್ಕೇ ಬೆರಳು, ಬಿಡಿ ಎಂದು ನಾನು ನಗಬಹುದಾಗಿತ್ತು. ಆದರೆ ಬಂಡಳ್ಳಿಯವರ ಮುಂದೆ ಹುಲಿಯನ್ನು ನಗೆಯ ವಿಷಯ ಮಾಡುವುದು ಕಷ್ಟ. ಅವರ ಊರಿನಿಂದ ಕಾಡು ದೂರವಿಲ್ಲ. ಮೇಯಲು ಬಿಟ್ಟ ಹಸುವೊಂದು ಸಂಜೆ ಹಿಂದಿರುಗದೆ, ಅದರ ಕರು ಬೆಳಗಿನ ತನಕ ಕೂಗಿದ್ದನ್ನು ಅತ್ತೆ ಕಣ್ಣಾರೆ ನೋಡಿದವರು. ನಮಗೆ ಪದವಾಗಿರುವ ಹುಲಿ ಅವರಿಗೆ ಪ್ರಾಣಿ. ಸರೋಜ ಅದೇ ಮನೆಯ ಮಗಳು. ಆ ಕರುವಿನ ಕೂಗು ಅವಳ ಕಿವಿಯಲ್ಲೂ ಇದೆ.

ಆದರೂ ಮೇಷ್ಟ್ರು ಸುಮ್ಮನಿರಲಿಲ್ಲ. "ಚರಂಡಿ ಕಡೆಯಿಂದ ಮುಂದುಗಡೆ ಒಂದು ಗೇಣು ಬಿಟ್ಟು ಕಾಂಪೌಂಡು ಹಾಕೋಣ. ಮುಂಬದಿ ಕಿರಿದಾಗುತ್ತೆ, ಹುಲಿ ಹಸುವಾಗುತ್ತೆ" ಎಂದೆ. ಗಣಿತದಲ್ಲಿ ಇದಕ್ಕೆ ಉತ್ತರವಿಲ್ಲ. ಅತ್ತೆಯ ಬಳಿ ಇತ್ತು.

"ಮೊಕ ಕುಯ್ದುಬುಟ್ರೆ ಉಲಿ ಅಸ ಆದದಾ ಮೇಷ್ಟ್ರೇ? ಗಾಯ ಆಗಿರೋ ಉಲಿ ಆಯ್ತದೆ. ಅದು ಇನ್ನೂ ಕೇಡು."

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ಕೇಳಬೇಡಿ. ಅತ್ತೆ ಬಂಡಳ್ಳಿಗೆ ಹೋಗಲಿಲ್ಲ. ಹುಲಿಯ ವಿಷಯ ತೀರ್ಮಾನವಾಗುವ ತನಕ ಮಗಳ ಮನೆಯಲ್ಲೇ ಇರುವುದೆಂದು ನಿರ್ಧರಿಸಿದ್ದರು. ನಾನು ಮೊದಲು ಹೇಳಿದ ಕಿರಣ ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೊರಟರೆ ಎಲ್ಲೂ ನಿಲ್ಲುತ್ತಿರಲಿಲ್ಲ. ಶಾಲೆಯ ವಿಜ್ಞಾನದ ಮೇಷ್ಟ್ರು ಎಲ್ಲ ಕೇಳಿಸಿಕೊಂಡು, "ಹುಲಿಮುಖ ವ್ಯಾಪಾರಕ್ಕೆ ಒಳ್ಳೇದು ಸಾರ್. ಒಂದು ಜೆರಾಕ್ಸ್ ಅಂಗಡಿ ಹಾಕಿಬಿಡಿ" ಎಂದರು. ವಿಜ್ಞಾನದ ಮೇಷ್ಟ್ರಿಗೂ ಇದು ಗೊತ್ತಿದೆಯಲ್ಲ ಎಂದು ನನಗೆ ಇನ್ನಷ್ಟು ದಿಗಿಲಾಯಿತು.

ಇದೆಲ್ಲಕ್ಕಿಂತ ನನಗೆ ಸಹಿಸಲಾಗದೆ ಹೋದದ್ದು ಸರೋಜಳ ವಿಷಯ. ಮೊದಲು ಚೀಟಿಯ ಹಿಂದೆ, ಕ್ಯಾಲೆಂಡರಿನ ಹಿಂದೆಲ್ಲ ಅಡುಗೆಮನೆಯ ನಕ್ಷೆ ಬರೆಯುತ್ತಿದ್ದವಳು ಬರೆಯುವುದನ್ನು ನಿಲ್ಲಿಸಿದಳು. ಮುದ್ದೆ ತಿರುವುವಾಗ ಮೊಣಕೈ ಗೋಡೆಗೆ ತಗಲುವ ಶಬ್ದ ಮಾತ್ರ ಹಜಾರದ ತನಕ ಕೇಳುತ್ತಿತ್ತು. ಮೊದಲೂ ಕೇಳುತ್ತಿದ್ದಿರಬೇಕು, ನಾನು ಕಿವಿಗೊಟ್ಟಿರಲಿಲ್ಲ. ಅತ್ತೆಯ ಮಾತು ಮೀರಿ ಮನೆ ಕಟ್ಟಿದರೆ ಸರೋಜ ಅಲ್ಲಿಗೆ ಬರುತ್ತಿದ್ದಳೇನೋ, ಆದರೆ ರಾತ್ರಿ ಬಾಗಿಲು ಹಾಕಿದ ಮೇಲೂ ಅವಳಿಗೆ ಬೀದಿಯ ಕಡೆ ಒಂದು ಕಣ್ಣಿರುತ್ತಿತ್ತು. ಹೆದರಿಕೊಂಡು ಅಡುಗೆ ಮಾಡಬೇಕಾದ ಅಡುಗೆಮನೆ ಅವಳಿಗೆ ಯಾಕೆ ಬೇಕು?

ಹೀಗಿರುವಾಗ ಶಾಲೆಯಲ್ಲಿ ಆರನೇ ತರಗತಿಗೆ ಆ ಪಾಠ ಬಂತು. ಬಿಂದುವಿನ ಸುಳ್ಳು ಹೇಳಿ ಮುಗಿಸಿದೆ. ರೇಖಾಖಂಡವನ್ನು ನಾನು ಬೋರ್ಡಿನ ಮೇಲೆ ತೋರಿಸುವುದಿಲ್ಲ, ಜಗಲಿಗೆ ಕರೆದುಕೊಂಡು ಹೋಗಿ ದಾರ ಎಳೆಸುತ್ತೇನೆ. ಭೂಮಿಯನ್ನು ಅಳೆಯುವ ವಿದ್ಯೆ ಹುಟ್ಟಿದ್ದೇ ಹಗ್ಗದಿಂದ. ನೈಲ್ ನದಿಯ ನೆರೆ ಇಳಿದ ಮೇಲೆ ಹೊಲಗಳ ಗಡಿ ಮತ್ತೆ ಗುರುತಿಸಲು ಅಲ್ಲಿನವರು ಹಗ್ಗ ಎಳೆಯುತ್ತಿದ್ದರಂತೆ. ನಮ್ಮ ಹಿಂದಿನವರೂ ಯಜ್ಞವೇದಿಕೆಯ ಮೂಲೆಗಳನ್ನು ಹಗ್ಗದಿಂದಲೇ ಹಾಕುತ್ತಿದ್ದರು. ಜ್ಯಾಮಿತಿ ಎಂಬ ಮಾತಿನ ಮೊದಲಲ್ಲಿರುವ ಜ್ಯಾ ಎಂದರೆ ಭೂಮಿ, ಬಿಲ್ಲಿಗೆ ಬಿಗಿದ ಹೆದೆಗೂ ಅದೇ ಹೆಸರು. ಇಷ್ಟೆಲ್ಲ ಹೇಳಿ ಇಬ್ಬರು ಹುಡುಗಿಯರನ್ನು ಜಗಲಿಯ ಎರಡು ತುದಿಗೆ ನಿಲ್ಲಿಸಿ, "ಬಿಗಿಯಾಗಿ ಎಳೀರಿ, ಇದೇ ರೇಖಾಖಂಡ" ಎಂದೆ.

ನೋಡಿದರೆ ದಾರ ಜಗಲಿಯ ಕಂಬವನ್ನು ಬಳಸಿಕೊಂಡು ಹೋಗಿತ್ತು.

"ಏಯ್ ಸಿಂಚನ, ಕಂಬ ಬಳಸಿದ್ರೆ ಅದು ಸರಳರೇಖೆ ಆಗುತ್ತಾ? ಡೊಂಕಾದ್ರೆ ಉದ್ದ ಜಾಸ್ತಿ ಆಗಲ್ವಾ? ಎರಡು ಬಿಂದುಗಳ ನಡುವೆ ಅತಿ ಕಡಿಮೆ ದೂರ ಯಾವುದು ಅಂತ ಈಗ ತಾನೇ ಹೇಳಲಿಲ್ವಾ?" ಎಂದು ಗದರಿದೆ.

"ಮತ್ತೆ ಕಂಬ್ದೊಳಕೆ ಯಂಗ್ ತೂರ್ಸದು ಸಾ?" ಎಂದಳು ಸಿಂಚನ.

ಮಕ್ಕಳೆಲ್ಲ ನಕ್ಕರು. ನಾನು ನಗಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಕಂಬವನ್ನೇ ನೋಡುತ್ತ ನಿಂತೆ. ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿದ ಹಾಗೆ ಕಾಣತೊಡಗಿತು. ಟೇಪು ಕಟ್ಟೆಯನ್ನು ಬಳಸಿ ಬಂದದ್ದನ್ನು ಈ ಕಣ್ಣೇ ನೋಡಿತ್ತು. ಆದರೆ ನಾನು ಹೊನ್ನೂರಿನವನು. ನಡೆಯಲು ಕಲಿತ ದಿನದಿಂದ ಆ ಕಲ್ಲನ್ನು ಬಳಸಿಯೇ ನಡೆದಿದ್ದೇನೆ. ಗೋಲಿ ಆಡುವಾಗ ಬಳಸಿದ್ದೇನೆ, ಸೈಕಲ್ಲಿನಲ್ಲಿ ಬಳಸಿದ್ದೇನೆ, ಮದುವೆಯಾಗಿ ಸರೋಜಳನ್ನು ಕರೆತಂದಾಗಲೂ ಬಳಸಿದ್ದೇನೆ. ಆ ಜಾಗದಲ್ಲಿ ಡೊಂಕಾಗಿ ಹೋಗುವುದೇ ನಮಗೆಲ್ಲ ನೆಟ್ಟಗೆ ಹೋಗುವುದು. ಬೇರೆ ಊರಿನ ಗಣಿತದ ಮೇಷ್ಟ್ರಾಗಿದ್ದರೆ ಆ ತಪ್ಪನ್ನು ಅಲ್ಲೇ ಹಿಡಿಯುತ್ತಿದ್ದ.

ಪಾಠ ಮುಗಿಸಿ ಸರೋಜಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಅವ್ವನ ಮುಂದೆ ಮಾರಮ್ಮನ ಕಟ್ಟೆಯಿಂದ ತಪ್ಪಾಯ್ತು ಅನ್ಬೇಡಿ ಮತ್ತೆ. ಟೇಪಿಂದ ಅನ್ನಿ" ಎಂದಳು. ಅವಳ ದನಿಯಲ್ಲಿ ಬಹಳ ದಿನದ ಮೇಲೆ ತಮಾಷೆ ಕೇಳಿಸಿತು. ನನಗೆ ಅಷ್ಟರಲ್ಲೇ ಅರ್ಧ ಭಾರ ಇಳಿಯಿತು.

ಭಾನುವಾರ ಮೂವರೂ ಹೊನ್ನೂರಿಗೆ ಹೋದೆವು. ಟೇಪು ಡೊಂಕಾಗಿದ್ದ ಸಂಗತಿಯನ್ನು ಅತ್ತೆ ಒಪ್ಪಿದರು. ನೆಟ್ಟಗೆ ಅಳೆಯಬೇಕೆಂಬುದನ್ನೂ ಒಪ್ಪಿದರು. ಅಮ್ಮನ ತಲೆಯ ಮೇಲೆ ಕಬ್ಬಿಣ ಹಾಯಿಸುವುದನ್ನು ಮಾತ್ರ ಒಪ್ಪಲಿಲ್ಲ. ನಾನು ಸೈಟಿನ ಒಳಗೆ ಒಂದು ಸಮಾಂತರ ರೇಖೆ ಎಳೆದು, ಲಂಬ ಇಳಿಸಿ, ಮೂಲೆಗಳ ಕೋನ ಹಿಡಿದು ಲೆಕ್ಕ ಹಾಕಬಹುದೆಂದು ವಿವರಿಸತೊಡಗಿದೆ. ಆರನೇ ತರಗತಿಯ ಮಕ್ಕಳ ಮುಖದಲ್ಲಿ ಕಾಣುವ ಭಾವವೇ ಇಬ್ಬರ ಮುಖದಲ್ಲೂ ಕಂಡಿತು. ಕೊನೆಗೆ ಸರೋಜ, "ತೋರಣ ಕಟ್ಟೋದಾದ್ರೆ ಅಮ್ಮನ ತಲೆ ಮೇಲೇ ಅಲ್ವಾ ಅವ್ವ ಕಟ್ಟೋದು?" ಎಂದು ಕೇಳಿದಳು.

ಅತ್ತೆ ಯೋಚಿಸಿದರು. ಕಟ್ಟೆಯ ಮೇಲೆ ಬಿದ್ದಿದ್ದ ತರಗೆಲೆಯನ್ನು ಸೆರಗಿನಿಂದ ಗುಡಿಸಿದರು. "ಕಟ್ಟು ಮತ್ತೆ. ತೋರಣ ಬ್ಯಾಡ ಅಂದಾಳಾ ತಾಯಿ?" ಎಂದರು.

ಮುಂಬದಿಯ ಎರಡು ಮೂಲೆಯ ಕಲ್ಲುಗಳ ಪಕ್ಕ ಎರಡು ಬಿದಿರಿನ ಗಳ ನೆಟ್ಟೆವು. ದೊಡ್ಡಪ್ಪನ ಮಗನ ಮನೆಯಿಂದ ಮಾವಿನ ಎಲೆ ಬಂತು. ಸರೋಜ ಎಡಗೈಯಲ್ಲಿ ಚಕಚಕನೆ ಎಲೆ ಮಡಚಿ ನೂಲಿಗೆ ಸಿಕ್ಕಿಸಿದಳು. ನೂಲು ಅಮ್ಮನ ಮೇಲೆ ಈ ಗಳದಿಂದ ಆ ಗಳಕ್ಕೆ ನೇರವಾಗಿ ನಿಂತಿತು. ಅತ್ತೆ ಕೈ ಮುಗಿದು, ಎರಡು ತುದಿಯ ಗಂಟಿಗೂ ಅರಿಸಿನದ ಗುರುತು ಹಚ್ಚಿದರು. ಅದೇ ನೂಲನ್ನು ಬಿಚ್ಚಿ ಹಿಂಬದಿಗೆ ತಂದೆವು. ಸಂಖ್ಯೆ ಬೇಡ, ಟೇಪು ಬೇಡ; ಒಂದು ರೇಖಾಖಂಡದ ಮೇಲೆ ಇನ್ನೊಂದನ್ನು ಇಟ್ಟು ಹೋಲಿಸುವುದು, ಅಷ್ಟೇ. ಇದು ಪುಸ್ತಕದಲ್ಲೂ ಇದೆ, ಮಕ್ಕಳು ಹಾರಿಸಿಬಿಡುವ ಪುಟದಲ್ಲಿ.

ಅತ್ತೆ ಒಂದು ಮೂಲೆಯ ಕಲ್ಲಿಗೆ ನೂಲಿನ ಗಂಟು ಒತ್ತಿ ಹಿಡಿದರು. ನಾನು ಇನ್ನೊಂದು ಗಂಟು ಹಿಡಿದು ಹೊರಟೆ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹೀಗೆ ಹೆದರಿದವನಲ್ಲ. ನೂಲು ಬಿಗಿಯಾಯಿತು. ಆ ತುದಿಯ ಮೂಲೆಕಲ್ಲು ಇನ್ನೂ ಅಂಗೈಯಗಲ ದೂರದಲ್ಲಿತ್ತು.

ನೂಲು ಮೋಟಾಗಿತ್ತು. ಅಂದರೆ ಹಿಂಬದಿ ಅಗಲ. ಅಂದರೆ...

"ಅಸ!" ಎಂದು ಕೂಗಿದರು ಅತ್ತೆ. ಆ ಕೂಗಿಗೆ ದೊಡ್ಡಪ್ಪನ ಮಗನ ಮನೆಯವರೆಲ್ಲ ಯಾರದೋ ಹಸು ತೋಟಕ್ಕೆ ನುಗ್ಗಿತೆಂದು ಓಡಿ ಬಂದರು.

ಅಬ್ಬ, ಆ ಕ್ಷಣದಲ್ಲಿ ನನಗಾದ ನೆಮ್ಮದಿಯನ್ನು ಯಾವ ಅಳತೆಗೂ ಸಿಕ್ಕಿಸಲಾರೆ. ಆದರೂ ಹಾಳು ಗಣಿತದ ಬುದ್ಧಿ, ನೆಮ್ಮದಿಯಾಗಿರಲು ಬಿಡಬೇಕಲ್ಲ. ಎಲೆಯ ಭಾರಕ್ಕೆ ತೋರಣ ಒಂದಿಷ್ಟು ಜೋತುಬಿದ್ದಿತ್ತು, ಹಾಗಾದರೆ ಆ ನೂಲೂ ನೆಟ್ಟಗಿರಲಿಲ್ಲ ಎಂಬ ಅನುಮಾನ ಬಂತು. ಬೇಲಿಗೆ ಒರಗಿ ಯೋಚಿಸಿದೆ. ಜೋತುಬಿದ್ದ ನೂಲು ನೆಟ್ಟಗಿನ ನೂಲಿಗಿಂತ ಉದ್ದವೇ ಹೊರತು ಕಡಿಮೆಯಲ್ಲ. ಅಷ್ಟು ಉದ್ದವಿದ್ದೂ ಹಿಂಬದಿಗೆ ಸಾಲಲಿಲ್ಲ. ಅಂದಮೇಲೆ ನಮ್ಮ ಹಸು ನಾವಂದುಕೊಂಡದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚೇ ಹಸು. ಇದನ್ನು ಅತ್ತೆಗೆ ವಿವರಿಸಲು ಹೋದೆ. "ಅಸ ಅಂತ ಆದ್ಮೇಲೆ ಮುಗೀತಲ್ಲ ಮೇಷ್ಟ್ರೇ, ಇನ್ನೂ ಯಾಕೆ ಅದ್ರ ಬಾಯಿಗೆ ಕೈ ಆಕ್ತೀರಿ?" ಎಂದು ಅವರು ದೊಡ್ಡಪ್ಪನ ಮಗನ ಮನೆಗೆ ಕಾಫಿ ಕುಡಿಯಲು ಹೋದರು. ಅಲ್ಲಿ ಕಿರಣ ಹೊರಟ ಸದ್ದು ಗೋಡೆಯಾಚೆಯಿಂದ ಕೇಳಿಸಿತು.

ತೋರಣವನ್ನು ಮತ್ತೆ ಅಮ್ಮನ ಮೇಲೆ ಕಟ್ಟಿ ನಾನು ತಿರುಗಿದಾಗ ಸರೋಜ ಸೈಟಿನ ಒಳಗೆ ಒಬ್ಬಳೇ ನಿಂತಿದ್ದಳು. ಸುತ್ತ ಬರಿ ಮಣ್ಣು, ಒಂದಿಷ್ಟು ಗರಿಕೆ. ಗೋಡೆಯಿಲ್ಲ, ಪಾಯವಿಲ್ಲ. ಅವಳು ಎಡಗೈಯನ್ನು ಮಡಚಿ, ಗಾಳಿಯಲ್ಲೇ ಮುದ್ದೆ ತಿರುವಿ ನೋಡಿದಳು. ಒಂದು ಹೆಜ್ಜೆ ಬಲಕ್ಕೆ ಸರಿದಳು. ಮತ್ತೆ ತಿರುವಿದಳು. ಮೊಣಕೈ ಎಲ್ಲೂ ತಗಲಲಿಲ್ಲ. ಬಗ್ಗಿ ಒಂದು ಬೆಣಚುಕಲ್ಲು ತೆಗೆದುಕೊಂಡು ಕಾಲಿನ ಮುಂದೆ ಇಟ್ಟಳು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು.

ಉದ್ದ, ಅಗಲ, ದಪ್ಪ ಯಾವುದೂ ಲೆಕ್ಕಕ್ಕಿಲ್ಲ, ಜಾಗ ಮಾತ್ರ ಇದೆ ಎಂದು ವರ್ಷ ವರ್ಷ ಹೇಳುತ್ತಿದ್ದೆನಲ್ಲ, ಅದು ಸುಳ್ಳಲ್ಲವೆಂದು ನನಗೆ ಆಗ ಮೊದಲ ಸಲ ಅನ್ನಿಸಿತು.

ಟೇಪು ಹಿಂದಿನ ಮೂಲೆಯಲ್ಲೇ ಉಳಿದಿತ್ತು. ತರಲೆಂದು ಅದರ ಕಡೆ ನೆಟ್ಟಗೆ ಹೊರಟೆ.

"ರೀ, ತುಳೀಬೇಡಿ! ಒಲೆ ಕಣ್ರಿ ಅದು" ಎಂದಳು ಸರೋಜ.

ಬಳಸಿಕೊಂಡು ಹೋದೆ.